ಕ್ಯಾಮೆರಾ ತೆಗೆದಿದ್ದಾ, ಕಂಪ್ಯೂಟರ್ ಮಾಡಿದ್ದಾ? ಸ್ಕ್ರೀನ್ ಮೇಲೇ ಹಾಕ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

8ಕೆ ಟೀವಿ ಬಂದ್ರೆ ಗ್ರಹ ನಕ್ಷತ್ರ ಎಲ್ಲಾ ಮನೆ ಹಾಲಿಗೇ ಇಳಿದುಬಿಡುತ್ತೆ ಅನ್ನೋ ಥರದ ಬರಹಗಳು ಪೇಪರ್‌ಗಳಲ್ಲಿ ಆಗಾಗ ಬರ್ತಾನೇ ಇರ್ತವೆ. ನಾನು ಬಾಹ್ಯಾಕಾಶದ ಡಾಕ್ಯುಮೆಂಟರಿ ಯಾವ್ದು ಸಿಕ್ಕಿದ್ರೂ ಬಿಡದೆ ನೋಡೋ ಪೈಕಿ, ಅದೂ ಲೈಟ್ ಎಲ್ಲಾ ಆರಿಸಿ ಕೂತು, ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಬರೀಬೇಕು ಅನ್ನಿಸ್ತು.

ಪಿಕ್ಸೆಲ್, ಅಂದ್ರೆ ಪರದೆ ಮೇಲಿನ ಚಿಕ್ಕ ಚಿಕ್ಕ ಚುಕ್ಕೆಗಳ ಲೆಕ್ಕ ಬೇಗ ಮುಗಿಸ್ತೀನಿ. ಫುಲ್ ಎಚ್‌ಡಿ ಅಂದ್ರೆ ಸುಮಾರು 20 ಲಕ್ಷ ಪಿಕ್ಸೆಲ್, 4ಕೆ ಅಂದ್ರೆ 83 ಲಕ್ಷ, 8ಕೆ ಅಂದ್ರೆ 3.3 ಕೋಟಿ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯವ್ರು 2018ರ ಡಿಸೆಂಬರ್‌ನಲ್ಲೇ 8ಕೆ ಚಾನೆಲ್ ಶುರು ಮಾಡಿದ್ರು. ಆದ್ರೆ ನಮ್ಮ ಕಣ್ಣಿಗೂ ಒಂದು ಮಿತಿ ಇದೆಯಲ್ಲ, ಒಳ್ಳೇ ದೃಷ್ಟಿ ಇರೋರಿಗೂ ಒಂದು ಡಿಗ್ರಿ ಕೋನದಲ್ಲಿ 60ನೇ ಒಂದು ಭಾಗಕ್ಕಿಂತ ಹತ್ರ ಇರೋ ಎರಡು ಚುಕ್ಕೆ ಒಂದೇ ಚುಕ್ಕೆ ಥರ ಕಾಣುತ್ತೆ, ಆ ಲೆಕ್ಕದಲ್ಲಿ 55 ಇಂಚಿನ ಟೀವಿಯಿಂದ ಒಂದು ಮೀಟರ್‌ಗಿಂತ ಸ್ವಲ್ಪ ಹಿಂದೆ ಕೂತ್ರೆ ಸಾಕು, 4ಕೆ ಪಿಕ್ಸೆಲ್‌ಗಳೇ ಬೇರೆ ಬೇರೆಯಾಗಿ ಕಾಣಲ್ಲ. 8ಕೆಯ ಲಾಭ ಪೂರ್ತಿ ಬೇಕು ಅಂದ್ರೆ ಅರ್ಧ ಮೀಟರ್ ಹತ್ರ ಕೂರ್ಬೇಕು, ಅಷ್ಟು ಹತ್ರ ಯಾರು ಕೂರ್ತಾರೆ ಹೇಳಿ.

ಬಾಹ್ಯಾಕಾಶದ ಚಿತ್ರಕ್ಕೆ ಟೀವಿ ಸೋಲೋದು ಕಪ್ಪಿನಲ್ಲಿ. ಎಲ್‌ಸಿಡಿ ಪರದೆಗೆ ಹಿಂದೆ ಒಂದು ಬೆಳಕು ಇದ್ದೇ ಇರುತ್ತೆ, ಅದು ಸ್ವಲ್ಪ ಸೋರಿ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತೆ, ಒಂದು ನಕ್ಷತ್ರ ಜೋರಾಗಿ ಹೊಳೆದ್ರೆ ಸುತ್ತ ಮಬ್ಬು ಬಳೆ. ಓಎಲ್‌ಇಡಿ ಅನ್ನೋ ಇನ್ನೊಂದು ಥರದ ಪರದೆಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗೋದು ತಾನೇ ಆರೋದು, ಹಾಗಾಗಿ ಕಪ್ಪು ಅಂದ್ರೆ ಕಪ್ಪು. ಇನ್ನೊಂದು ಬಿಟ್ ಲೆಕ್ಕ. ಹಳೇ 8 ಬಿಟ್ ವಿಡಿಯೋದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಅಷ್ಟೇ, ಬೆಳಕು ಕತ್ತಲ ವ್ಯತ್ಯಾಸ ಜಾಸ್ತಿ ತೋರಿಸೋ ಎಚ್‌ಡಿಆರ್ ವಿಡಿಯೋಗೆ ಬಳಸೋ 10 ಬಿಟ್‌ನಲ್ಲಿ 1024. ನೆಬ್ಯುಲಾ, ಅಂದ್ರೆ ಬಾಹ್ಯಾಕಾಶದ ಅನಿಲ ಧೂಳಿನ ಮೋಡ, ಅದರ ಅಂಚಲ್ಲಿ ಬೆಳಕು ನಿಧಾನಕ್ಕೆ ಕರಗೋ ಕಡೆ ಪಟ್ಟೆ ಪಟ್ಟೆಯಾಗಿ ಕಾಣುತ್ತಲ್ಲ, ಅದಕ್ಕೆ ಈ ಮೆಟ್ಟಿಲು ಸಾಲದೇ ಇರೋದೂ ಒಂದು ಕಾರಣ. ಇದೆಲ್ಲಾ ಸರಿ ಇದ್ರೂ ಸ್ಟ್ರೀಮಿಂಗ್‌ನಲ್ಲಿ ಕಂಪ್ರೆಸ್ ಮಾಡೋವಾಗ ಚಿಕ್ಕ ಚಿಕ್ಕ ನಕ್ಷತ್ರನೆಲ್ಲಾ ಆ ಸಾಫ್ಟ್‌ವೇರು ಧೂಳು ಅಂತ ತಿಳ್ಕೊಂಡು ಒರೆಸಿ ಹಾಕುತ್ತೆ, ಕತ್ತಲಲ್ಲಿ ಚೌಕ ಚೌಕ ಕಾಣೋಕೆ ಶುರುವಾಗುತ್ತೆ. ಹಾಗಾಗಿ ಕಂಪನಿಗಳು ಪಿಕ್ಸೆಲ್ ಜಾಸ್ತಿ ಮಾಡೋ ಮುಂಚೆ ಈ ಕತ್ತಲನ್ನ ಸರಿ ಮಾಡ್ಲಿ ಅಂತ ನಂಗನ್ಸುತ್ತೆ, ನಿಧಾನಕ್ಕೆ ಮಾಡ್ತಾನೂ ಇದ್ದಾರೆ.

ಆದ್ರೆ ಈ ಪತ್ರ ಬರೆಯೋಕೆ ಕೂತಿದ್ದು ಬೇರೆ ಕಾರಣಕ್ಕೆ. ಚಿತ್ರ ಚೆನ್ನಾಗ್ ಆದಷ್ಟೂ ಯಾವ್ದು ನಿಜವಾಗ್ಲೂ ಕ್ಯಾಮೆರಾ ತೆಗೆದಿದ್ದು, ಯಾವ್ದು ಗ್ರಾಫಿಕ್ಸ್ ಅಂತ ಗೊತ್ತೇ ಆಗಲ್ಲ. ಮೊದ್ಲು ಗ್ರಾಫಿಕ್ಸ್ ಪೆದ್ದುಪೆದ್ದಾಗಿ ಇರ್ತಿತ್ತು, ನೋಡಿದ ತಕ್ಷಣ ತಿಳೀತಿತ್ತು. ಈಗ ಕ್ಷುದ್ರಗ್ರಹಗಳ ಪಟ್ಟಿ (ಮಂಗಳ, ಗುರು ಗ್ರಹಗಳ ನಡುವೆ ಬಂಡೆಗಳು ಸುತ್ತೋ ಜಾಗ) ಅಂತ ತೋರಿಸೋವಾಗ ಬಂಡೆಗಳು ಒಂದಕ್ಕೊಂದು ಡಿಕ್ಕಿ ಹೊಡ್ಕೊಂಡು ಬರ್ತಿರ್ತವೆ, ಅದೂ 4ಕೆನಲ್ಲಿ ಪಳಪಳ ಅಂತ. ನಿಜದಲ್ಲಿ ಆ ಬಂಡೆಗಳ ನಡುವೆ ಲಕ್ಷಾಂತರ ಕಿಲೋಮೀಟರ್ ಖಾಲಿ ಜಾಗ, 1970ರ ದಶಕದಲ್ಲೇ ನಾಸಾದ ಪಯನೀರ್ 10 ನೌಕೆ ಯಾವ ಬಂಡೆಗೂ ಡಿಕ್ಕಿ ಹೊಡೀದೆ ದಾಟಿ ಹೋಯ್ತು. ಚಂದ್ರಯಾನ-3 ಇಳಿದ 2023ರ ಆಗಸ್ಟ್ 23ನೇ ತಾರೀಕು ಲೈವ್‌ನಲ್ಲಿ ಲ್ಯಾಂಡರ್ ಇಳೀತಾ ಇದ್ದದ್ದು ಬರ್ತಿದ್ದ ಡೇಟಾ ಇಟ್ಕೊಂಡು ಕಂಪ್ಯೂಟರ್ ತೋರಿಸ್ತಿದ್ದ ಚಿತ್ರ, ಲ್ಯಾಂಡರ್ ಕ್ಯಾಮೆರಾ ತೆಗೆದ ನಿಜವಾದ ವಿಡಿಯೋ ಇಸ್ರೋ ಬಿಟ್ಟಿದ್ದು ಮಾರನೇ ದಿನ. ಅದ್ರಲ್ಲಿ ತಪ್ಪೇನಿಲ್ಲ, ಆದ್ರೆ ಎಷ್ಟೋ ಜನ ಮೊದಲನೇದನ್ನೇ ನಿಜವಾದ ವಿಡಿಯೋ ಅಂದ್ಕೊಂಡು ಶೇರ್ ಮಾಡಿದ್ರು.

ಗ್ರಾಫಿಕ್ಸೂ ಅಲ್ಲ ಕಣ್ಣಿಗೆ ಕಾಣೋದೂ ಅಲ್ಲ ಅನ್ನೋ ಮೂರನೇ ಥರ ಒಂದಿದೆ. ಜೇಮ್ಸ್ ವೆಬ್ ಟೆಲಿಸ್ಕೋಪ್ ನೋಡೋದು ಬಹುಪಾಲು ಇನ್‌ಫ್ರಾರೆಡ್ ಬೆಳಕು, ಅದು ನಮ್ಮ ಕಣ್ಣಿಗೆ ಕಾಣೋದೇ ಇಲ್ಲ, ಉದ್ದ ತರಂಗಕ್ಕೆ ಕೆಂಪು ಗಿಡ್ಡ ತರಂಗಕ್ಕೆ ನೀಲಿ ಅಂತ ಕೂತು ಬಣ್ಣ ಕೊಡ್ತಾರೆ. 2019ರ ಏಪ್ರಿಲ್‌ನಲ್ಲಿ ಬಂತಲ್ಲ ಎಂ87 ಗ್ಯಾಲಕ್ಸಿಯ ಬ್ಲ್ಯಾಕ್ ಹೋಲ್ ಚಿತ್ರ, ಅದು ರೇಡಿಯೋ ಅಲೆಗಳಿಂದ ಕಟ್ಟಿದ್ದು, ಕಿತ್ತಳೆ ಬಣ್ಣ ಆ ಚಿತ್ರ ಕಟ್ಟಿದ ವಿಜ್ಞಾನಿಗಳೇ ಆರಿಸಿದ್ದು. ಇದು ಮೋಸ ಅಲ್ಲವೇ ಅಲ್ಲ, ಹಿಂದಿರೋ ಡೇಟಾ ಅಪ್ಪಟ ನಿಜ. ಆದ್ರೆ ಹಾಗಂತ ಹೇಳ್ಬೇಕಲ್ವಾ.

ಇನ್ನು ನಾಲ್ಕನೇದು ಎಐ ಅಪ್‌ಸ್ಕೇಲಿಂಗ್, ಅಂದ್ರೆ ಮಂಕಾದ ಹಳೇ ವಿಡಿಯೋನ ಎಐ ಕೈಲಿ ದೊಡ್ಡದಾಗಿ ಸ್ಪಷ್ಟ ಮಾಡಿಸೋದು. ನಂಗೆ ನಿಜವಾಗ್ಲೂ ತಲೆಬಿಸಿ ಇದ್ರದ್ದೇ. 1969ರಲ್ಲಿ ಅಪೋಲೋ 11ರಿಂದ ಬಂದ ಲೈವ್ ಸೆಕೆಂಡಿಗೆ 10 ಫ್ರೇಮ್, 320 ಗೆರೆ ಅಷ್ಟೇ, ಅದನ್ನ ಟೀವಿಗೆ ಹೊಂದಿಸೋಕೆ ಮಾನಿಟರ್ ಮುಂದೆ ಇನ್ನೊಂದು ಕ್ಯಾಮೆರಾ ಇಟ್ಟು ತೆಗೆದ್ರು, ಹಾಗಾಗಿ ಇನ್ನಷ್ಟು ಮಂಕಾಯ್ತು. ಮೂಲ ಟೇಪ್‌ಗಳು ಅಳಿಸಿ ಮತ್ತೆ ಬಳಕೆ ಆಗಿರ್ಬೇಕು ಅಂತ ನಾಸಾನೇ 2009ರಲ್ಲಿ ಹೇಳ್ತು. ಇಂಥ ವಿಡಿಯೋನ ಎಐಗೆ ಕೊಟ್ರೆ ಅದು ಬೇರೆ ಸಾವಿರಾರು ಚಿತ್ರ ನೋಡಿ ಕಲಿತಿದ್ದನ್ನ ಇಟ್ಕೊಂಡು ಊಹೆ ಮಾಡಿ ತುಂಬಿಸುತ್ತೆ, ಕ್ಯಾಮೆರಾ ಯಾವತ್ತೂ ಕಾಣದೇ ಇದ್ದ ಕಲ್ಲು, ಸ್ಪೇಸ್‌ಸೂಟ್ ಮೇಲೆ ಇಲ್ಲದ ಮಡಿಕೆ. ಚಂದ್ರನ ಮೇಲೆ ಯಾರೂ ಇಳಿದೇ ಇಲ್ಲ ಅಂತ ವಾದ ಮಾಡೋರಿಗೆ ಇದಕ್ಕಿಂತ ಇನ್ನೇನು ಬೇಕು.

ಇಷ್ಟಾದ್ರೂ ನಂಗೆ ಉತ್ಸಾಹ ಕಮ್ಮಿ ಆಗಿಲ್ಲ. 2021ರಲ್ಲಿ ನಾಸಾದ ಪರ್ಸಿವಿಯರೆನ್ಸ್ ರೋವರ್ ಮಂಗಳದಲ್ಲಿ ಇಳಿಯೋವಾಗ ಪ್ಯಾರಾಶೂಟ್ ಬಿಚ್ಚಿಕೊಂಡಿದ್ದು, ಕೆಳಗೆ ಧೂಳೆದ್ದಿದ್ದು ಎಲ್ಲಾ ನಿಜವಾದ ವಿಡಿಯೋ, ಯಾವ ಗ್ರಾಫಿಕ್ಸೂ ಅದ್ರ ಮುಂದೆ ನಿಲ್ಲಲ್ಲ. 2023ರ ಡಿಸೆಂಬರ್‌ನಲ್ಲಿ ನಾಸಾದ ಸೈಕಿ ನೌಕೆ 3.1 ಕೋಟಿ ಕಿಲೋಮೀಟರ್ ದೂರದಿಂದ ಲೇಸರ್‌ನಲ್ಲಿ ಸೆಕೆಂಡಿಗೆ 267 ಮೆಗಾಬಿಟ್ ವೇಗದಲ್ಲಿ ವಿಡಿಯೋ ಕಳಿಸ್ತು, ಏನ್ ವಿಡಿಯೋ ಅಂತೀರಾ, ಒಂದು ಬೆಕ್ಕು ಲೇಸರ್ ಚುಕ್ಕೆ ಹಿಂದೆ ಓಡೋದು, ಹಾರೋ ಮುಂಚೆನೇ ನೌಕೆಗೆ ತುಂಬಿದ್ದು. ಈ ದಾರಿ ಸರಿಯಾಗಿ ತೆರ್ಕೊಂಡ್ರೆ ದೂರದ ಗ್ರಹಗಳಿಂದ ನಿಜವಾದ ವಿಡಿಯೋಗಳೇ ಬೇಕಾದಷ್ಟು ಬರ್ತವೆ, ಆಗ ಅದನ್ನ ಗ್ರಾಫಿಕ್ಸ್‌ನಿಂದ ಬೇರೆ ಮಾಡಿ ತೋರಿಸೋದು ಇನ್ನೂ ಮುಖ್ಯ ಆಗುತ್ತೆ.

ನಾನು ಕೇಳೋದು ಇಷ್ಟೇ, ಸ್ಕ್ರೀನ್ ಮೂಲೆಯಲ್ಲಿ ಒಂದು ಚಿಕ್ಕ ಸಾಲು: ಕ್ಯಾಮೆರಾ ಚಿತ್ರ, ಬಣ್ಣ ಕೊಟ್ಟ ಡೇಟಾ, ಗ್ರಾಫಿಕ್ಸ್, ಅಥವಾ ಎಐ ತಿದ್ದಿದ್ದು. ಕಾರ್ಯಕ್ರಮದ ಕೊನೇಲಿ ಓಡೋ ಹೆಸರುಗಳ ಜೊತೆ ಹಾಕಿದ್ರೆ ಯಾರೂ ಓದಲ್ಲ, ಆ ಚಿತ್ರ ಇರೋವಾಗ್ಲೇ ಇರ್ಬೇಕು. ನಿಮ್ಮ ಪತ್ರಿಕೇಲೂ ಮುಂದಿನ ಸಲ ಜೇಮ್ಸ್ ವೆಬ್ ಫೋಟೋ ಹಾಕಿದ್ರೆ ಕೆಳಗೆ ಬಣ್ಣ ಯಾವ ಲೆಕ್ಕದಲ್ಲಿ ಕೊಟ್ಟಿದ್ದು ಅಂತ ಅರ್ಧ ಸಾಲು ಸೇರಿಸಿ, ಫೋಟೋ ಜೊತೆ ಆ ವಿವರ ಟೆಲಿಸ್ಕೋಪ್‌ನವ್ರೇ ಕೊಟ್ಟಿರ್ತಾರೆ.

ಇಂತಿ,
ನಿಮ್ಮ ಒಬ್ಬ ಓದುಗ