ಸೈನಿಕರ ಪಿಂಚಣಿ: ಮೊದಲು ಗಾಯಾಳುಗಳ ತೆರಿಗೆ ಬಿಡಿ

ಮಾನ್ಯ ಸಂಪಾದಕರೇ,

ಸೈನಿಕರ ಪಿಂಚಣಿಗೆ ಪೂರ್ತಿ ತೆರಿಗೆ ವಿನಾಯಿತಿ ಬೇಕು ಎಂಬ ಒತ್ತಾಯ ಆಗಾಗ ಕೇಳಿಬರುತ್ತದೆ. ಆದರೆ ಲಾಭ ಯಾರಿಗೆ ಎಂದೂ ನೋಡಬೇಕಲ್ವಾ? ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷ ರೂಪಾಯಿವರೆಗಿನ ವರ್ಷದ ಆದಾಯಕ್ಕೆ ತೆರಿಗೆ ಇಲ್ಲ. ಪಿಂಚಣಿದಾರರಿಗೆ ಇನ್ನೂ 75,000 ರೂಪಾಯಿಯನ್ನು ತೆರಿಗೆ ಲೆಕ್ಕದಿಂದ ಬಿಡುತ್ತಾರೆ. ಸಿಪಾಯಿ, ಹವಾಲ್ದಾರರ ಪಿಂಚಣಿ ಈ ಮಿತಿಗಿಂತ ಎಷ್ಟೋ ಕೆಳಗೆ. ಪೂರ್ತಿ ವಿನಾಯಿತಿಯಿಂದ ಜಾಸ್ತಿ ಉಳಿಯುವುದು ದೊಡ್ಡ ಅಧಿಕಾರಿಗಳಿಗೇ.

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಜವಾನರ ಕಷ್ಟ ಬೇರೆ. ನಲವತ್ತರ ಆಸುಪಾಸಿನಲ್ಲೇ ನಿವೃತ್ತಿ. ಮಕ್ಕಳು ಇನ್ನೂ ಶಾಲೆಯಲ್ಲಿ. ಬ್ಯಾಂಕಿನಲ್ಲೋ ಕಚೇರಿಯಲ್ಲೋ ಮತ್ತೊಂದು ಕೆಲಸ ಹಿಡಿಯುತ್ತಾರೆ. ಸಂಬಳಕ್ಕೆ ಪಿಂಚಣಿ ಸೇರಿದಾಗ ಕೆಲವರು ಮಿತಿ ದಾಟುತ್ತಾರೆ. ಇಂಥವರ ಪಿಂಚಣಿಯ ಒಂದು ಭಾಗವನ್ನಾದರೂ ಲೆಕ್ಕದಿಂದ ಹೊರಗಿಡಲಿ.

ಅದಕ್ಕಿಂತ ತುರ್ತು ವಿಷಯ ಅಂಗವೈಕಲ್ಯ ಪಿಂಚಣಿಯದ್ದು. ಕೇಂದ್ರ ನೇರ ತೆರಿಗೆ ಮಂಡಳಿಯ 2019ರ ಸುತ್ತೋಲೆ ಪ್ರಕಾರ, ಸೇವೆಯಲ್ಲಾದ ಅಂಗವೈಕಲ್ಯದಿಂದ ಅರ್ಧದಲ್ಲೇ ಹೊರಬಂದವರಿಗೆ ಮಾತ್ರ ವಿನಾಯಿತಿ. ಅಂಥದ್ದೇ ಗಾಯ ಇಟ್ಟುಕೊಂಡು ಪೂರ್ತಿ ಅವಧಿ ದುಡಿದವರಿಗೆ ಇಲ್ಲ! ನೋವು ನುಂಗಿ ದುಡಿದವರಿಗೇ ತೆರಿಗೆ ಹಾಕುವುದು ಯಾವ ನ್ಯಾಯ? ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಪಡೆದವರ ಪಿಂಚಣಿಗೆ, ಕಾರ್ಯಾಚರಣೆಯಲ್ಲಿ ಮಡಿದವರ ಕುಟುಂಬ ಪಿಂಚಣಿಗೆ ಈಗಾಗಲೇ ತೆರಿಗೆ ಇಲ್ಲ. ಆ ಸಾಲಿಗೆ ಗಾಯದೊಂದಿಗೇ ಪೂರ್ತಿ ಅವಧಿ ದುಡಿದವರನ್ನೂ ಸೇರಿಸಬೇಕು. ಕಾಸರಗೋಡಿನ ಸಂಸದರು ಈ ಒಂದು ವಿಷಯವನ್ನು ಲೋಕಸಭೆಯಲ್ಲಿ ಎತ್ತಲಿ ಎಂದು ಕೇಳಿಕೊಳ್ಳುತ್ತೇನೆ.

– ನಿವೃತ್ತ ಹವಾಲ್ದಾರರ ಮಗಳು, ಪೆರ್ಲ