ಎರಡಡಿ ಟ್ಯಾಂಕಿಗೆ ಆಸ್ಕರ್ ಮೀನು ಬೇಡ

ಸಂಪಾದಕರಿಗೆ,

ಹುಬ್ಬಳ್ಳಿ–ಧಾರವಾಡದಲ್ಲಿ ಮಕ್ಕಳಿಗೆಂದು ಎರಡಡಿ ಟ್ಯಾಂಕ್ ಕೊಳ್ಳುವವರಿಗೆ ಬೆರಳುದ್ದದ ಆಸ್ಕರ್, ಫ್ಲವರ್‌ಹಾರ್ನ್ ಮೀನಿನ ಮರಿಗಳನ್ನೂ ಜೊತೆಗೆ ಕಟ್ಟಿಕೊಡುವುದುಂಟು. ಇದು ನಿಲ್ಲಬೇಕು. ಆಸ್ಕರ್ ಅಡಿಯುದ್ದ ಬೆಳೆಯುವ ಮೀನು. 2×1×1 ಅಡಿ ಟ್ಯಾಂಕಿನಲ್ಲಿ ಮರಳು, ಕಲ್ಲು ಹಾಕಿದ ಮೇಲೆ ನೀರು ಹಿಡಿಯುವುದು ಸುಮಾರು 45 ಲೀಟರ್. ಆಸ್ಕರ್‌ಗೆ ಕನಿಷ್ಠ 300 ಲೀಟರ್ ಬೇಕು. ಏಂಜೆಲ್ ಮೀನಿಗೆ ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇಲ್ಲದಿದ್ದರೆ ರೆಕ್ಕೆ ಮಡಚಿಕೊಳ್ಳುತ್ತದೆ. ‘ಮಲಾವಿ ಮಿಕ್ಸ್’ ಎಂದು ಮಾರುವ ಬಣ್ಣದ ಮೀನುಗಳು ಇಕ್ಕಟ್ಟಿನಲ್ಲಿ ಒಂದನ್ನೊಂದು ಕಚ್ಚಿ ಸಾಯಿಸುತ್ತವೆ.

ಹಾಗೆಂದು ಚಿಕ್ಕ ಟ್ಯಾಂಕಿನವರು ಸಿಕ್ಲಿಡ್ (ಈ ಮೇಲಿನ ಮೀನುಗಳೆಲ್ಲ ಸೇರಿದ ಕುಟುಂಬ) ಆಸೆ ಬಿಡಬೇಕಿಲ್ಲ. ಆದರೆ ಮೀನು ಆರಿಸುವ ಮೊದಲು ಮನೆಯ ನೀರು ಎಂಥದ್ದೆಂದು ನೋಡಬೇಕು. ನಮ್ಮಲ್ಲಿ ಹಲವು ಬಡಾವಣೆಗಳಿಗೆ ಮಲಪ್ರಭೆಯ ನಳದ ನೀರು ದಿನಗಟ್ಟಲೆ ಬಿಟ್ಟು ಬರುತ್ತದೆ, ನಡುವೆ ಬೋರ್ ನೀರೇ ಗತಿ. ಒಂದು ವಾರ ನಳದ್ದು, ಇನ್ನೊಂದು ವಾರ ಗಡಸು ಬೋರಿನದು ಹಾಕಿದರೆ ಮೀನು ತಡೆಯುವುದಿಲ್ಲ. ಯಾವುದಾದರೂ ಒಂದಕ್ಕೇ ಅಂಟಿಕೊಳ್ಳಿ. ನಳದ ನೀರನ್ನು ಬಕೆಟ್‌ನಲ್ಲಿ ಒಂದು ದಿನ ಏರ್ ಪಂಪ್ ಬಿಟ್ಟು ಇಟ್ಟರೆ ಕ್ಲೋರಿನ್ ಹೋಗುತ್ತದೆ.

ಬೋರ್ ನೀರಿನವರಿಗೆ ಚಿಪ್ಪಿನಲ್ಲಿ ವಾಸಿಸುವ ಮಲ್ಟಿಫ್ಯಾಸಿಯಾಟಸ್‌ಗಿಂತ ಒಳ್ಳೆಯ ಮೀನಿಲ್ಲ. ಆಫ್ರಿಕಾದ ಟಾಂಗನಿಕಾ ಸರೋವರದ್ದು, ಬೆಳೆದರೂ 5 ಸೆಂ.ಮೀ. ದಾಟದು, ಪಿಎಚ್ (ನೀರಿನ ಆಮ್ಲ–ಕ್ಷಾರದ ಅಳತೆ) 8ರ ಮೇಲಿನ ಗಡಸು ನೀರೇ ಅದಕ್ಕೆ ಬೇಕು. ತಳಕ್ಕೆ ಚೆನ್ನಾಗಿ ತೊಳೆದ ನಯವಾದ ಮರಳು ಎರಡು ಇಂಚು ಹಾಕಿ. ಕಲಘಟಗಿ, ಅಳ್ನಾವರ ಕಡೆಯ ಭತ್ತದ ಗದ್ದೆಗಳಲ್ಲಿ ಸಿಗುವ ಬಸವನಹುಳದ ಖಾಲಿ ಚಿಪ್ಪುಗಳನ್ನು ಕಾಲು ತಾಸು ಕುದಿಸಿ, ಮೀನೊಂದಕ್ಕೆ ಎರಡರಂತೆ ಇಡಿ. ಮೀನು ಬಾಯಿತುಂಬ ಮರಳು ತುಂಬಿಕೊಂಡು ದೂರ ಉಗುಳುತ್ತ, ಚಿಪ್ಪಿನ ಬಾಯಿ ಮಾತ್ರ ಕಾಣುವಷ್ಟು ಅದನ್ನು ಹೂಳುತ್ತದೆ. ಹೆದರಿದರೆ ಕ್ಷಣದಲ್ಲಿ ಒಳಗೆ. ಆರು ಮೀನು ತಂದರೆ ಮರಿ ಮಾಡಿ ಸಂಸಾರ ಬೆಳೆಸುತ್ತವೆ. ಇಲ್ಲಿನ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನಿಂದ ತರಿಸಲು ಹೇಳಬೇಕಾದೀತು.

ಸುಲಭಕ್ಕೆ ಸಿಗುವುದು ಬೇಕೆಂದರೆ ಕ್ರಿಬೆನ್ಸಿಸ್ ಒಂದು ಜೋಡಿ. ಗಂಡು 10, ಹೆಣ್ಣು 7 ಸೆಂ.ಮೀ. ಅರ್ಧ ತೆಂಗಿನ ಚಿಪ್ಪಿಗೆ ಎರಡು ಬೆರಳು ಹೋಗುವಷ್ಟು ತೂತು ಮಾಡಿ ಬೋರಲು ಹಾಕಿದರೆ ಅದೇ ಗವಿ. ಹೆಣ್ಣಿನ ಹೊಟ್ಟೆ ನೇರಳೆಗೆಂಪಾದರೆ ಮೊಟ್ಟೆಯ ಸಮಯ ಬಂತೆಂದೇ ಲೆಕ್ಕ. ಮರಿಯಾದ ಮೇಲೆ ಜೋಡಿ ಇಡೀ ತಳವನ್ನು ಕಾಯುತ್ತದೆ, ಹಾಗಾಗಿ ಜೊತೆಗೆ ತಳದ ಮೀನು ಬೇಡ. ಎರಡು ಗಂಡು ಬಿಟ್ಟರಂತೂ ಒಂದು ಉಳಿಯದು.

ನೀಲಿ ರಾಮ್ ಚಂದದ ಮೀನು ನಿಜ. ಆದರೆ ಅದಕ್ಕೆ ಮೆದು ನೀರು, 28 ಡಿಗ್ರಿ ಶಾಖ ಎರಡೂ ಬೇಕು. ಗದಗ, ಹಾವೇರಿ ಕಡೆ ಬೋರ್ ನೀರಿನವರು ಶುದ್ಧ ನೀರಿನ ಘಟಕದ ಆರ್‌ಒ ನೀರನ್ನು ಅರ್ಧಕ್ಕರ್ಧ ಬೆರೆಸಿ ಸಾಕಬಹುದು. ಬರೀ ಆರ್‌ಒ ನೀರು ಹಾಕಬೇಡಿ, ಖನಿಜ ಇಲ್ಲದ ನೀರಿನ ಪಿಎಚ್ ಏಕಾಏಕಿ ಕುಸಿಯುತ್ತದೆ.

ಯಾವುದೇ ಮೀನಿರಲಿ, ಟ್ಯಾಂಕ್ ತಂದ ದಿನವೇ ಮೀನು ಬಿಡುವುದು ಸಾವಿಗೆ ಮುಖ್ಯ ಕಾರಣ. ಮೀನಿನ ಹೇಲು, ಉಳಿದ ಆಹಾರದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಾಂಜ್‌ನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಖಾಲಿ ಟ್ಯಾಂಕಿಗೆ ದಿನಾ ಚಿಟಿಕೆ ಆಹಾರ ಹಾಕುತ್ತ ಫಿಲ್ಟರ್ ಓಡಿಸಿ. ಟೆಸ್ಟ್ ಕಿಟ್‌ನಲ್ಲಿ ಮೊದಲು ಏರಿದ ಅಮೋನಿಯಾ, ಅದರಿಂದಾಗುವ ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಮೀನು ತನ್ನಿ. ಸ್ಪಾಂಜನ್ನು ನಳದ ಕೆಳಗೆ ತೊಳೆದರೆ ಕ್ಲೋರಿನ್ನಿಗೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಧಾರವಾಡದ ಡಿಸೆಂಬರ್ ಚಳಿಗೆ 50 ವ್ಯಾಟ್ ಹೀಟರ್ ಸಾಕು.

ಇನ್ನು, ದೊಡ್ಡದಾಯಿತೆಂದು ಮೀನನ್ನು ಉಣಕಲ್ ಕೆರೆಗೋ ಕೆಲಗೇರಿ ಕೆರೆಗೋ ಬಿಡುವುದು ಖಂಡಿತ ಸಲ್ಲದು. ನಾವು ಜಿಲೇಬಿ ಎನ್ನುವ ತಿಲಾಪಿಯಾವೂ ಸಿಕ್ಲಿಡ್ ಕುಟುಂಬದ್ದೇ. 1952ರಲ್ಲಿ ದೇಶಕ್ಕೆ ತಂದ ಆ ಮೀನು ಕೆರೆಕೆರೆಗೂ ಹಬ್ಬಿ ನಮ್ಮ ನಾಡ ಮೀನುಗಳ ಜಾಗ ಕಸಿದಿದೆ. ಸಾಕಲಾಗದ ಮೀನನ್ನು ಅಂಗಡಿಯವರೇ ವಾಪಸ್ ಪಡೆಯಬೇಕು. ಮೀನು ಮಾರಲು ಇಟ್ಟ ಪ್ರತಿ ಟ್ಯಾಂಕಿನ ಗಾಜಿನ ಮೇಲೆ ಬೆಲೆಯ ಪಕ್ಕದಲ್ಲೇ, ಆ ಮೀನು ಎಷ್ಟು ಇಂಚು ಬೆಳೆಯುತ್ತದೆ, ಎಷ್ಟು ಲೀಟರ್ ನೀರು ಬೇಕು ಎಂದು ಕನ್ನಡದಲ್ಲಿ ಬರೆಯಬೇಕೆಂದು ವಿನಂತಿ.

– ಅಕ್ವೇರಿಯಂ ಹವ್ಯಾಸಿಗಳು, ಧಾರವಾಡ