ಬಿಸಿಲು, ಜಾತ್ರೆ ಮತ್ತು ಮಕ್ಕಳ ಇನ್ಸುಲಿನ್

ಎಲ್ಲರಿಗೂ ನಮಸ್ಕಾರ. ಶರಣಬಸವೇಶ್ವರ ಜಾತ್ರೆ ಹತ್ತಿರ ಬಂತು, ಕಲಬುರಗಿ ಬಿಸಿಲೂ ಶುರುವಾಯ್ತು. ಟೈಪ್ ಒನ್ ಮಧುಮೇಹ, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ, ಇರುವ ನಮ್ಮ ಮಕ್ಕಳ ಇನ್ಸುಲಿನ್ ಕಡೆ ಸ್ವಲ್ಪ ಜಾಸ್ತಿ ಗಮನ ಇರಲಿ.

ಇನ್ನೂ ತೆರೆಯದ ಬಾಟಲಿಗಳು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರ್ ಬೇಡವೇ ಬೇಡ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬಳಸಬಾರದು. ಬಳಕೆಯಲ್ಲಿರುವುದನ್ನು ಹೊರಗಿಡಬಹುದು ನಿಜ, ಆದರೆ ಅದು ಸಾಮಾನ್ಯವಾಗಿ 30 ಡಿಗ್ರಿ ಒಳಗಿನ ಮಾತು. ನಮ್ಮಲ್ಲಿ ಮೇ ತಿಂಗಳಲ್ಲಿ 40 ದಾಟುತ್ತದೆ ಅಲ್ವಾ?

ಹಳ್ಳಿಯಲ್ಲಿ ಕರೆಂಟ್ ಕೈಕೊಟ್ಟರೆ ಮಣ್ಣಿನ ಮಡಕೆ ಇದೆ. ದೊಡ್ಡ ಮಡಕೆಯೊಳಗೆ ಚಿಕ್ಕದು, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ. ನೆರಳು, ಗಾಳಿ ಇರುವ ಕಡೆ ಇಡಿ. ಬಾಟಲಿಗೆ ನೀರು ತಾಗದಂತೆ ಡಬ್ಬಿಯಲ್ಲಿ ಹಾಕಿ. ಫ್ರಿಜ್‌ನಷ್ಟು ತಂಪಾಗುವುದಿಲ್ಲ, ಆದರೂ ನಮ್ಮ ಒಣ ಹವೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೈಕಿನ ಡಿಕ್ಕಿಯಲ್ಲಿ ಮಾತ್ರ ಇನ್ಸುಲಿನ್ ಬಿಟ್ಟು ಹೋಗಬೇಡಿ.

ಜಾತ್ರೆಯಲ್ಲಿ ಓಡಾಡಿದರೆ ಮಕ್ಕಳ ಶುಗರ್ ಇಳಿಯಬಹುದು. ಮೀಟರ್, ಗ್ಲೂಕೋಸ್ ಪುಡಿ ಜೊತೆಗಿರಲಿ. 70ಕ್ಕಿಂತ ಕೆಳಗೆ ಬಂದರೆ ಡಾಕ್ಟರ್ ಹೇಳಿದಷ್ಟು ಗ್ಲೂಕೋಸ್ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಹಾಗಲಕಾಯಿ ರಸ ಕುಡಿಸಿ ಇನ್ಸುಲಿನ್ ಬಿಡಿಸಿ ಅನ್ನುವ ಫಾರ್ವರ್ಡ್‌ಗಳನ್ನು ದಯವಿಟ್ಟು ಈ ಗ್ರೂಪಿನಲ್ಲಿ ಹಾಕಬೇಡಿ. ಟೈಪ್ ಒನ್ ಮಕ್ಕಳಿಗೆ ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಹಾಕಿದರೆ ಅಡ್ಮಿನ್‌ಗಳು ಸುಮ್ನೆ ಅಳಿಸುತ್ತಾರೆ, ಬೇಜಾರಾಗಬೇಡಿ.